ಮುಳ್ಳು ನುಣ್ಣಗಾಗುವ ಹೊತ್ತು

ಹುನಗುಂದ ಸೀಮೆಯ ಎರೆಹೊಲವನ್ನು ನಾಲ್ಕಾರು ವರ್ಷ ಬೀಳು ಬಿಟ್ಟು ನೋಡಿ. ಉತಾರದಲ್ಲಿ ನಿಮ್ಮ ಹೆಸರೇ ಇರುತ್ತದೆ, ನೆಲದ ಮೇಲೆ ಮಾತ್ರ ಬಳ್ಳಾರಿ ಜಾಲಿಯ ಕಬ್ಜಾ. ಮೊದಲು ಬದುವಿನ ಮೇಲೆ ಎರಡು ಗಿಡ, ಆಮೇಲೆ ಹಳ್ಳದ ದಂಡೆಗುಂಟ ಒಂದು ಸಾಲು, ಕಡೆಗೆ ಒಳಗೆ ಕಾಲಿಡಲು ದಾರಿಯಿಲ್ಲ. ವರ್ಷಕ್ಕೆ 600 ಮಿಲಿಮೀಟರ್ ಕೂಡ ಮುಟ್ಟದ ಮಳೆಯ ನಾಡು ನಮ್ಮದು. ಮಳೆ ಕೈಕೊಟ್ಟ ವರ್ಷ ಜೋಳ ಮೊಣಕಾಲೆತ್ತರಕ್ಕೇ ಒಣಗಿ ನಿಲ್ಲುತ್ತದೆ, ಜಾಲಿ ಆಗಲೂ ಹಸಿರು. ಇದರ ಹತ್ತಿರದ ಬಳಗದ ಗಿಡವೊಂದರ ಬೇರು ಅಮೆರಿಕದ ಅರಿಜೋನಾದ ಗಣಿಯಲ್ಲಿ 53 ಮೀಟರ್ ಆಳದಲ್ಲಿ ಸಿಕ್ಕಿತ್ತು. ನಮ್ಮೂರ ಬಾವಿಗಳು ಅದರ ಅರ್ಧಕ್ಕೇ ಕಲ್ಲು ಕಂಡು ಸುಮ್ಮನಾದಂಥವು.

ನಮ್ಮ ಹೊಲಕ್ಕೂ ಇದೇ ಗತಿ ಬಂತು. ಅಣ್ಣತಮ್ಮಂದಿರು ನೌಕರಿ ಹಿಡಿದು ನವನಗರ, ಹುಬ್ಬಳ್ಳಿ, ಬೆಂಗಳೂರು ಅಂತ ಚದುರಿದೆವು. ಲಾವಣಿ ಮಾಡುತ್ತಿದ್ದವರು ವಯಸ್ಸಾಯಿತೆಂದು ಬಿಟ್ಟರು. ದಾಳಿಂಬೆ ಹಚ್ಚೋಣ ಅಂತ ಅಣ್ಣ ಮನಸ್ಸು ಮಾಡಿದ ಮೇಲೆ ಹೊಲ ಹಸನು ಮಾಡುವ ಮಾತು ಎದ್ದಿತು. ನಮ್ಮಲ್ಲಿ ಇದಕ್ಕೆ ಎರಡೇ ದಾರಿ: ಕಡಿದು ಒಟ್ಟಿ ಬೆಂಕಿ ಇಡುವುದು, ಇಲ್ಲವೇ ಜೆ.ಸಿ.ಬಿ. ತರಿಸಿ ಎಲ್ಲವನ್ನೂ ಒಂದು ಮೂಲೆಗೆ ನೂಕಿಸುವುದು. ಬೆಂಕಿ ಇಟ್ಟಲ್ಲಿ ಮಣ್ಣು ಕೆಂಪಗೆ ಸುಟ್ಟು ಒಂದೆರಡು ವರ್ಷ ಏನೂ ಏಳುವುದಿಲ್ಲ. ನೂಕಿದ ಮುಳ್ಳಿನ ಗುಡ್ಡೆಯಲ್ಲಿ ಹಾವು ಸಂಸಾರ ಹೂಡುತ್ತವೆ. ಅಣ್ಣ ಮೂರನೆಯದೊಂದನ್ನು ಹುಡುಕಿದ್ದ: ಟ್ರ್ಯಾಕ್ಟರಿಗೆ ಜೋಡಿಸುವ, ಟೊಂಗೆ ನುಂಗಿ ಚೂರು ಉಗುಳುವ ಮಷಿನ್ನು. ಅಡಿಕೆ, ತೆಂಗಿನ ಸೀಮೆಯವರು ಗರಿ ಪುಡಿ ಮಾಡಲು ಇದರ ಸಣ್ಣ ಮಾದರಿಗಳನ್ನು ಎಂದೋ ಇಟ್ಟುಕೊಂಡಿದ್ದಾರೆ. ನಮ್ಮೂರಿಗೆ ಅದು ಬರುವುದೇ ಒಂದು ಸುದ್ದಿ.

ಮಷಿನ್ನು ಬರುವ ಮುಂಚೆ ಕಾಕಾ ಒಂದು ಡಬ್ಬಿ ಸುಣ್ಣ ಕಲಸಿಕೊಂಡು ಹೊಲ ಹೊಕ್ಕರು. ಉಳಿಯಬೇಕಾದ ಗಿಡಕ್ಕೆ ಸುಣ್ಣದ ಪಟ್ಟೆ. ಈ ಇಡೀ ಕೆಲಸದ ಸವಿ ಇರುವುದು ಇಲ್ಲೇ ಎಂದು ನನ್ನ ಮತ. ಹೊರಗಿನಿಂದ ಒಂದೇ ಮುಳ್ಳಿನ ಗೋಡೆಯಾಗಿ ಕಂಡದ್ದು ಒಳಹೊಕ್ಕರೆ ನಾನಾ ಜಾತಿಯವರಿರುವ ಓಣಿ. ಬೆಳಕಿಗಾಗಿ ಜಾಲಿಯ ಸಂದಿಯಲ್ಲಿ ಸೊಟ್ಟಗೆ ಎದ್ದ ಬೇವು. ಯಾರೂ ನೆಡದೆ ಆಳೆತ್ತರ ಆದ ಹುಣಸಿ. ಹಳದಿ ಹೂವಿನ ತಂಗಡಿ. ಒಂದು ಬಾರಿಗಿಡ ಅಂಗಿಯ ತೋಳು ಹಿಡಿದು ನಿಲ್ಲಿಸಿತು.

“ಕಾಕಾ, ಇದೂ ಮುಳ್ಳs ಅಲ್ಲೇನ್ರಿ?”

“ಹಣ್ಣ ಕೊಡೂ ಮುಳ್ಳಿಗೆ ಮಾಫಿ ಐತಿ,” ಎಂದು ಸುಣ್ಣ ಬಳಿದರು.

ಒಂದು ಕರಿಜಾಲಿಯ ಮುಂದೆ ಬಹಳ ಹೊತ್ತು ನಿಂತರು. 16ನೆಯ ಶತಮಾನದಲ್ಲಿ ಪುರಂದರದಾಸರು ದುರ್ಜನರನ್ನು ಜಾಲಿಗೆ ಹೋಲಿಸಿ ಹಾಡಿದ ಮೇಲೆ ಈ ಗಿಡಕ್ಕೆ ಹತ್ತಿದ ಅಪಕೀರ್ತಿ ಇನ್ನೂ ಹೋಗಿಲ್ಲ. ದಾಸರ ಕಣ್ಣಿಗೆ ಬಿದ್ದದ್ದು ನಮ್ಮ ನಾಡಿನ ಜಾಲಿಯೇ ಇರಬೇಕು. ಯಾಕೆಂದರೆ ಬಳ್ಳಾರಿ ಜಾಲಿ ಆಗಿನ್ನೂ ಸಮುದ್ರದಾಚೆ ಇತ್ತು. ದಾಸರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಅವರು ಒಕ್ಕಲುತನದ ಮನೆಯಲ್ಲಿ ಹುಟ್ಟಿದ್ದರೆ ಹಾಗೆ ಹಾಡುತ್ತಿರಲಿಲ್ಲ. ಕುಂಟೆಗೆ, ನೇಗಿಲಿಗೆ, ಬಂಡಿಯ ಗಾಲಿಗೆ ಕರಿಜಾಲಿಯ ಕಟ್ಟಿಗೆ ಬೇಕು. ಆಡಿಗೆ ಅದರ ಕಾಯಿ ಬೇಕು, ಹಲ್ಲಿಗೆ ಅದರ ಕಡ್ಡಿ ಬೇಕು. ಕಾಕಾ ಒಂದಲ್ಲ, ಎರಡು ಪಟ್ಟೆ ಹೊಡೆದರು.

ಪರದೇಶದ ಜಾಲಿ ಬಂದದ್ದು 1870ರ ದಶಕದಲ್ಲಿ. ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿ ಬೆಡ್ಡೋಮ್ ಒಣನೆಲದಲ್ಲಿ ಉರುವಲು ಬೆಳೆಸಲು ಇದು ಒಳ್ಳೆಯದೆಂದು ಸರ್ಕಾರಕ್ಕೆ ಬರೆದರು, ಜಮೈಕಾದಿಂದ ಬೀಜ ಬಂತು. 1876–78ರ ಘೋರ ಬರದ ಕಾಲ ಅದು, ನಮ್ಮ ಆಗಿನ ಕಲಾದಗಿ ಜಿಲ್ಲೆ ಬೆಂದುಹೋಗಿತ್ತು. ಏನಾದರೂ ಹಸಿರು ಬೆಳೆದರೆ ಸಾಕು ಎನ್ನುವ ದಿನಗಳಲ್ಲಿ ತಂದವರನ್ನು ಇವತ್ತು ಬೈದು ಏನು ಬಂತು. ಆಗ ಬಳ್ಳಾರಿ ಮದ್ರಾಸಿಗೆ ಸೇರಿತ್ತು, ಹುನಗುಂದ, ಬಾದಾಮಿ ಮುಂಬೈಗೆ. ಜಾಲಿ ಯಾರ ಗಡಿಯನ್ನೂ ಕೇಳಲಿಲ್ಲ. ಅದರ ಕಾಯಿ ಸಿಹಿ. ಕುರಿ, ಆಡು ತಿನ್ನುತ್ತವೆ, ಬೀಜ ಕರಗದೆ ಹಿಕ್ಕೆಯಲ್ಲಿ ಹೊರಬಿದ್ದು ಅಲ್ಲೇ ಮೊಳೆಯುತ್ತದೆ. ಗೊಬ್ಬರ ಆಗಲಿ ಎಂದು ನಾವೇ ದುಡ್ಡು ಕೊಟ್ಟು ಹೊಲದಲ್ಲಿ ಕುರಿಹಿಂಡು ಕೂರಿಸುತ್ತೇವೆ. ಬೀಜ ಪುಕ್ಕಟೆ.

ದಸರೆಯಲ್ಲಿ ಕೈಗೆ ಕೊಟ್ಟು “ಬಂಗಾರದಂಗ ಇರೋಣು” ಎನ್ನುವ ಬನ್ನಿಯೂ ಈ ಮುಳ್ಳೂ ಸಸ್ಯಶಾಸ್ತ್ರದವರ ಲೆಕ್ಕದಲ್ಲಿ ಬಹುಕಾಲ ಒಂದೇ ಕುಲದವು. ಇಬ್ಬರಿಗೂ ಪ್ರೊಸೊಪಿಸ್ ಎಂದೇ ಹೆಸರು. ಈಚೆಗೆ 2022ರಲ್ಲಿ ಪಾಲಾಗಿ, ಜಾಲಿಯನ್ನು ನೆಲ್ಟುಮ ಎಂಬ ಬೇರೆ ಕುಲಕ್ಕೆ ಹಾಕಿದ್ದಾರೆ. ಕಾಕಾನಿಗೆ ಇದನ್ನು ಹೇಳಿದರೆ, “ಎಲ್ಲಾರ ಮನ್ಯಾಗೂ ಒಬ್ಬ ಇರ್ತಾನ ಬಿಡೋ,” ಎಂದರು. ಹೊಲದ ಮೂಲೆಯ ಬನ್ನಿಗೆ ಮಾತ್ರ ಸುಣ್ಣ ಹಚ್ಚಲಿಲ್ಲ, ಭಂಡಾರ ಹಚ್ಚಿ ಕೈ ಮುಗಿದರು.

ಮಷಿನ್ನು ತಂದವನು ಇಳಕಲ್ಲ ಕಡೆಯ ಹುಡುಗ. ಇಳಿದವನೇ ಮೊದಲು ನೋಡಿದ್ದು ಗಿಡಗಳನ್ನಲ್ಲ, ನೆರೆದವರ ಬಟ್ಟೆಗಳನ್ನು. “ಧೋತ್ರದವರು, ಟವೆಲ್ ಹೊತ್ತವರು ಆ ಬೇವಿನ ಗಿಡದ ತಳಕ ನಿಲ್ರಿ. ಇದಕ ಕಟ್ಟಿಗಿ ಯಾವ್ದು, ಧೋತ್ರ ಯಾವ್ದು ತಿಳಿಯಂಗಿಲ್ಲ.” ಊರ ಹಿರಿಯರೆಲ್ಲ ಒಂದೇ ಮಾತಿಗೆ ಹಿಂದೆ ಸರಿದದ್ದನ್ನು ನಾನು ಯಾವ ಪಂಚಾಯ್ತಿಯಲ್ಲೂ ಕಂಡಿಲ್ಲ.

ಟ್ರ್ಯಾಕ್ಟರಿನ ಹಿಂದಿನ ತಿರುಗುವ ಕೂಡುಗೋಲು ನಿಮಿಷಕ್ಕೆ 540 ಸುತ್ತು ಹಾಕಿ ಮಷಿನ್ನಿನೊಳಗಿನ ಭಾರದ ಚಕ್ರ ತಿರುಗಿಸುತ್ತದೆ, ಚಕ್ರಕ್ಕೆ ಅಲಗುಗಳು. ಬಾಯಲ್ಲಿ ಹಲ್ಲಿನ ಉರುಳೆಗಳು. ಟೊಂಗೆಯ ಬುಡ ಮೊದಲು ಕೊಡಬೇಕು. ಉರುಳೆ ಅದನ್ನು ಕಚ್ಚಿದ್ದೇ ತಡ ಕೈ ಬಿಡಬೇಕು, ಆಮೇಲೆ ಅದು ತಾನೇ ಎಳೆದುಕೊಳ್ಳುತ್ತದೆ. ಜಾಲಿಯ ಟೊಂಗೆಯನ್ನು ಹತ್ತಿರದಿಂದ ನೋಡಿದ್ದೀರಾ? ಗಿಣ್ಣಿಗೊಮ್ಮೆ ಎಡಕ್ಕೆ, ಗಿಣ್ಣಿಗೊಮ್ಮೆ ಬಲಕ್ಕೆ ಸೊಟ್ಟಾಗುತ್ತ ಹೋಗುತ್ತದೆ, ಪ್ರತಿ ಗಿಣ್ಣಿಗೂ ಜೋಡಿ ಮುಳ್ಳು. ಟ್ರ್ಯಾಕ್ಟರಿನ ಟೈರಿಗೂ ಇದು ಜಗ್ಗುವುದಿಲ್ಲ. ಇಂಥ ಎಂಟಡಿ ಉದ್ದದ ರಂಪ ಉರುಳೆಗಳ ನಡುವೆ ಒಮ್ಮೆ ಒದ್ದಾಡಿ ಒಳಗೆ ಹೋಯಿತು. ಮೇಲಿನ ಕೊಳವೆಯಿಂದ ಚೂರಿನ ಮಳೆ: ಅಂಚಿಗೆ ನಸುಹಳದಿ, ನಡುವೆ ಕೆಂಪುಕಂದು. ಹಸಿ ಟೊಂಗೆ ಹೋದರೆ ದನಿ ತೆಳು, ಒಣ ಬೊಡ್ಡೆ ಹೋದರೆ ಟ್ರ್ಯಾಕ್ಟರ್ ನರಳುತ್ತದೆ. ಹುಡುಗ ಕಣ್ಣುಮುಚ್ಚಿಯೂ ಹೇಳಬಲ್ಲ, “ಅದು ಒಣದ್ರಿ, ಅಲಗ ಮೊಂಡ ಆಕ್ಕಾವ.” ಸವರಿದ ಬೇವಿನ ಟೊಂಗೆ ನಾಲ್ಕು ಒಳಹೋದಾಗ ಹೊಲವೆಲ್ಲ ಕಹಿ ಕಂಪು.

ಮಧ್ಯಾಹ್ನಕ್ಕೆ ಬುತ್ತಿ ಹೊತ್ತು ಬಂದ ಕಾಕಿ ಗುಡ್ಡೆ ನೋಡಿ ಬುಟ್ಟಿ ಇಳಿಸುವುದನ್ನೇ ಮರೆತರು. “ಇದೇನ್ರೋ ಯಪ್ಪಾ, ಉರಿಯೋ ಕಟ್ಟಿಗಿ ಹಿಟ್ಟ ಮಾಡೀರಿ. ರೊಟ್ಟಿ ಏನ್ ನಿಮ್ಮ ಮಷಿನ್ ಮ್ಯಾಲ ಬಡೀಲಿ?” ಸಿಟ್ಟಿನಲ್ಲಿ ನ್ಯಾಯವಿತ್ತು. ಜಾಲಿಯ ಬೊಡ್ಡೆ ಭಾರದ ಕಟ್ಟಿಗೆ, ಒಂದೇ ಸಮ ಉರಿಯುತ್ತದೆ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಜೋಳದ ರೊಟ್ಟಿಗೆ ಬೇಕಾದದ್ದು ಅದೇ. ಗ್ಯಾಸಿನ ಒಲೆ ಮನೆಯಲ್ಲಿದ್ದರೂ ಕಾಕಿ ರೊಟ್ಟಿಗೆ ಅದನ್ನು ಮುಟ್ಟುವುದಿಲ್ಲ. ಅಲ್ಲಿಂದ ಮುಂದೆ ತೊಡೆ ದಪ್ಪದ್ದೆಲ್ಲ ಕಾಕಿಯ ಪಾಲು, ತೋಳಿಗಿಂತ ತೆಳುವಾದದ್ದು ಮಷಿನ್ನಿಗೆ ಎಂದು ಕರಾರಾಯಿತು. ನಡುವಿನ ಅಳತೆಯವಕ್ಕೆ ಸಂಜೆಯವರೆಗೂ ಜಗಳ.

ಚೂರನ್ನು ಗಿಡದ ಬುಡದ ಸುತ್ತ ಮೂರ್ನಾಲ್ಕು ಇಂಚು ದಪ್ಪ ಹಾಸಿದರೆ ಎರೆನೆಲ ಬಿಸಿಲಿಗೆ ಬಿರುಕು ಬಿಡುವುದು ಕಡಿಮೆ, ನೀರೂ ಉಳಿಯುತ್ತದೆ. ಮಣ್ಣಿನೊಳಗೆ ಮಾತ್ರ ಕಲಸಬಾರದು. ಹಸಿ ಚೂರು ಕೊಳೆಸುವ ಸೂಕ್ಷ್ಮಜೀವಿಗಳು ಸುತ್ತಲಿನ ಸಾರಜನಕವನ್ನೆಲ್ಲ ತಾವೇ ಉಂಡು ಗಿಡವನ್ನು ಉಪವಾಸ ಕೆಡವುತ್ತವೆ. ಕಾಂಡಕ್ಕೂ ತಾಗಿಸಬಾರದು. ಮರುದಿನ ಬೆಳಿಗ್ಗೆ ಗುಡ್ಡೆಯೊಳಗೆ ಮೊಣಕೈವರೆಗೆ ಕೈ ತೂರಿಸಿದೆ. ಬಿಸಿ, ಕೈ ಹಿಂದೆ ಸೆಳೆದುಕೊಳ್ಳುವಷ್ಟು. ಕಾಕಾ ಚಪ್ಪಲಿ ಬಿಟ್ಟು ಮೇಲೆ ಹತ್ತಿದರು. ಆ ಹೊಲದಲ್ಲಿ ಬರಿಗಾಲಿಟ್ಟವರನ್ನು ನಾನು ಈಚೆಗೆ ಕಂಡಿರಲಿಲ್ಲ. ನಾಲ್ಕು ಹೆಜ್ಜೆ ಸುಖವಾಗಿ ನಡೆದು ಐದನೆಯದಕ್ಕೆ “ಹಾಂ!” ಎಂದು ಕಾಲೆತ್ತಿದರು. ಅಲಗಿಗೆ ಸಿಗದೆ ಜಾರಿ ಬಂದ ಒಂದು ಮುಳ್ಳು. “ಜಾತ ಬಿಡ್ಲಿಲ್ಲ ನೋಡು,” ಎಂದು ಕಿತ್ತು ಒಗೆದರು, ಖುಷಿಯಿಂದಲೇ.

ಮಷಿನ್ನು ನುಂಗುವುದು ನೆಲದ ಮೇಲಿನದನ್ನಷ್ಟೇ. ಬುಡವನ್ನು ಗೇಣಿನಷ್ಟು ಕೆಳಗೆ ಅಗೆದು ತೆಗೆಯದಿದ್ದರೆ ಮೊದಲ ಮಳೆಗೆ ಒಂದು ಕೊರಡಿಗೆ ಹತ್ತು ಚಿಗುರು. ತಮಿಳುನಾಡಿನಲ್ಲಿ 2017ರಲ್ಲಿ ಹೈಕೋರ್ಟೇ ಮುಂದೆ ನಿಂತು ಜಾಲಿ ಕೀಳಿಸಲು ಹೊರಟಿತ್ತು. ಜಾಲಿ ಇನ್ನೂ ಅಲ್ಲೇ ಇದೆ. ಗುದ್ದಲಿಯ ಕೆಲಸ ಹಾಗಾಗಿ ಬೇಸಗೆಯ ಉದ್ದಕ್ಕೂ ನಡೆಯಬೇಕು.

ಪಕ್ಕದ ಹೊಲದವರು ಎರಡು ದಿನ ಬದುವಿನ ಮೇಲೆ ಕೂತು, ದುಡ್ಡು ಹೆಚ್ಚಾಗಿದೆ ಇವರಿಗೆ ಎಂದು ನಗುತ್ತಿದ್ದರು. ಟ್ರ್ಯಾಕ್ಟರ್ ತಿರುಗಿಸುವ ಹೊತ್ತಿಗೆ ಎದ್ದು ಬಂದರು.

“ತಾಸಿಗೆ ಎಷ್ಟು ತೊಗೋತಿ ತಮ್ಮಾ? ಡೀಸಲ್ ನಿಂದೋ, ನಂದೋ?”

ಹುಡುಗ ಬಾಯಿ ತೆರೆಯುವ ಮೊದಲೇ ಕಾಕಾ ನಡುವೆ ಬಾಯಿ ಹಾಕಿದರು. “ಅದನ್ನ ಆಮ್ಯಾಲ ಕೇಳು. ನಿನ್ನ ಹೊಲದಾಗ ಬೇವು ಎಷ್ಟು ಅದಾವ, ಹೇಳು ಮೊದ್ಲ.”

ಅವರು ತಮ್ಮ ಜಾಲಿಯ ಕಡೆ ತಿರುಗಿ ನೋಡಿದರು, ತಲೆ ಕೆರೆದುಕೊಂಡರು. “ಎರಡು ಇರಬೇಕು... ಮೂರೂ ಇದ್ದೀತು.” ಕಾಕಾ ಡಬ್ಬಿಯಲ್ಲಿ ಉಳಿದ ಸುಣ್ಣಕ್ಕೆ ನೀರು ಹಾಕಿ ತಿರುವಿದರು. ಇಬ್ಬರೂ ಬಗ್ಗಿ, ಯಾರ ಬದು ಎಲ್ಲಿ ಮುಗಿಯುತ್ತದೆ ಎಂಬ ಹಳೆಯ ತಕರಾರು ತೆಗೆಯುತ್ತಲೇ ಮುಳ್ಳಿನೊಳಗೆ ನುಗ್ಗಿದರು.