ನಾಲ್ಕು ಬೆರಳು ಕಡಿಮೆ

ಕೈಲ್‌ಪೋದ್ ಹಬ್ಬಕ್ಕೆಂದು ಪುಣೆಯಿಂದ ಗೆಳೆಯನ ಜೊತೆ ವಿರಾಜಪೇಟೆ ಬಳಿಯ ಅವನ ಮನೆಗೆ ಹೋಗಿದ್ದೆ. ನಾಟಿ ಮುಗಿಸಿದ ಕೊಡವರು ಸೆಪ್ಟೆಂಬರ್ 3ರಂದು ಕೋವಿ, ಕತ್ತಿಗಳಿಗೆ ತೋಕ್‌ಪೂ, ಅಂದರೆ ಅಗ್ನಿಶಿಖೆ ಹೂ, ಮುಡಿಸಿ ಪೂಜಿಸುತ್ತಾರೆ.

ಹಿಂದಿನ ಸಂಜೆ ಅವರಪ್ಪ ಗೋಡೆಯಿಂದ ಕೇಪಿನ ಕೋವಿ ಇಳಿಸಿದರು. ನಳಿಗೆಯ ಬಾಯಿಂದ ಕರಿಮದ್ದು ತುಂಬುವ ಹಳೆಯ ಕೋವಿ. ಮೂತಿಯನ್ನು ಗದ್ದೆಯ ಕಡೆ ತಿರುಗಿಸಿ, ಗಜವನ್ನು ಒಳಗೆ ಇಳಿಬಿಟ್ಟು, ಬಾಯಿಯ ಮಟ್ಟಕ್ಕೆ ಹೆಬ್ಬೆರಳು ಒತ್ತಿ ಹಿಡಿದು, ಹೊರತೆಗೆದು ನಳಿಗೆಯ ಪಕ್ಕಕ್ಕಿಟ್ಟು ಅಳೆದರು. ನಾಲ್ಕು ಬೆರಳು ಕಡಿಮೆ. ಒಳಗೆ ಈಡು ಹಾಗೇ ಇತ್ತು!

"ಹೋದ ವರ್ಷ ತೆಂಗಿನಕಾಯಿಗೆ ಗುರಿಯಿಟ್ಟಾಗ ಕೇಪು ಮಾತ್ರ ಸಿಡಿದಿತ್ತಲ್ಲ ಅಪ್ಪಾ" ಎಂದ ಗೆಳೆಯ. ಅವರು ಮಾತಾಡಲಿಲ್ಲ. ವರ್ಷವಿಡೀ ಅದು ಮೊಮ್ಮಗಳು ಆಡುವ ಪಡಸಾಲೆಯಲ್ಲೇ ತೂಗುತ್ತಿತ್ತು.

ನೀರು ಹೊಯ್ದು ಮದ್ದು ಚೆನ್ನಾಗಿ ನೆನೆಸಿದರು. ಗಜದ ತುದಿಗೆ ಸುರುಳಿ ಮೊಳೆ ಸಿಕ್ಕಿಸಿ ಬಟ್ಟೆ, ಚರೆ, ಕೆಸರಾದ ಮದ್ದು ಎಲ್ಲ ಹೊರಗೆಳೆದರು.

ಕರಿಮದ್ದು ಉರಿದುಳಿಯುವ ಮಸಿಯಲ್ಲಿ ಲವಣಗಳಿರುತ್ತವೆ. ಕೊಡಗಿನ ತೇವ ಹೀರಿ ಬೇಗ ತುಕ್ಕು ಹಿಡಿಸುತ್ತವೆ. ಅವನ್ನು ಕರಗಿಸಲು ಎಣ್ಣೆ ಸಾಲದು, ನೀರೇ ಬೇಕು. ಕಳಚಿದ ನಳಿಗೆಯ ಬುಡವನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟು, ಬಟ್ಟೆ ಸುತ್ತಿದ ಗಜವನ್ನು ಮೇಲೆಳೆದರೆ ಪಂಪಿನಂತೆ ನೀರು ಏರುತ್ತದೆ. ಮೂರು ಬಕೆಟ್ ಕಪ್ಪುನೀರು ಚೆಲ್ಲಿದೆ. ನನಗೆ ಒಪ್ಪಿಸಿದ್ದು ಅಷ್ಟೇ. ಕಾದ ನಳಿಗೆ ತಾನೇ ಆರಿತು. ಆಮೇಲೆ ಎಣ್ಣೆ.

ಕೊನೆಗೆ ಗಜ ಠಣ್ಣೆಂದು ತಳ ಮುಟ್ಟಿತು. ಅವರು ಅದನ್ನು ಮಗನ ಕೈಗೆ ಕೊಟ್ಟು, "ನೀನೂ ಒಂದ್ಸಲ ಅಳೆ" ಎಂದರು.