ಹಳದಿ ಎಲೆ, ಆಗುಂಬೆಯ ಮಣ್ಣು

ಶೃಂಗೇರಿಯಿಂದ ಆಗುಂಬೆಯತ್ತ ನಮ್ಮ ಬಸ್ಸು ಹೊರಟಾಗ ಬೆಳಗಿನ ಏಳು ಗಂಟೆ. ಅಕ್ಟೋಬರ್ ಕೊನೆಯ ವಾರ. ಗದ್ದೆಗಳ ಮೇಲೆ ಇನ್ನೂ ಮಂಜು. ಶಾಲಾ ಪ್ರವಾಸವೆಂದರೆ ಗೊತ್ತಲ್ಲ, ಅರ್ಧ ಬಸ್ಸು ಅಂತ್ಯಾಕ್ಷರಿ, ಇನ್ನರ್ಧ ವಾಂತಿ. ಎಂಟನೇ ತರಗತಿಯ ಹುಡುಗಿಯೊಬ್ಬಳು ಮಾತ್ರ ಕಿಟಕಿಯಾಚೆಗೇ ನೋಡುತ್ತಿದ್ದಳು. ಕೆಳಗಿನ ಅಡಿಕೆ ತೋಟದಲ್ಲಿ ಮರಗಳ ಸೋಗೆಯೆಲ್ಲ ಹಳದಿ ತಿರುಗಿತ್ತು. 'ಸಾರ್, ಇವರೂ ನೀರು ಹಾಕೋದು ಮರೆತ್ರಾ?' ಎಂದಳು.

ಆ ಪ್ರಶ್ನೆ ನನ್ನನ್ನು ಚುಚ್ಚಿತು. ನಮ್ಮ ಪ್ರಯೋಗಶಾಲೆಯ ಕಿಟಕಿಯಲ್ಲಿ ಅವಳೇ ತಂದಿಟ್ಟ ಮನಿಪ್ಲಾಂಟ್ ಕುಂಡವಿದೆ. ಆಗಸ್ಟಿನಲ್ಲಿ ಅದರ ಬುಡದ ಎಲೆಗಳು ಹಳದಿಯಾದಾಗ, ನೀರು ಹಾಕಲು ಮರೆತಿದ್ದೀಯೆಂದು ಎಲ್ಲರೆದುರು ಗದರಿದ್ದೆ. ಅಂದಿನಿಂದ ಅವಳು ದಿನಕ್ಕೆರಡು ಬಾರಿ ನೀರು ಹಾಕಿದಳು. ಎಲೆಗಳು ಇನ್ನೂ ಬೇಗ ಉದುರಿದವು.

ತೋಟದ ಕಥೆ ಬೇರೆ. ಶೃಂಗೇರಿ, ಕೊಪ್ಪದ ಕಡೆಯ ಬೆಳೆಗಾರರನ್ನು ದಶಕಗಳಿಂದ ಕಾಡುತ್ತಿರುವ ಹಳದಿ ಎಲೆ ರೋಗ ಅದು. ಫೈಟೋಪ್ಲಾಸ್ಮಾ ಎಂಬ, ಕೋಶಭಿತ್ತಿಯೇ ಇಲ್ಲದ ಸೂಕ್ಷ್ಮಜೀವಿ ಅದಕ್ಕೆ ಕಾರಣ. ರಸ ಹೀರುವ ಜಿಗಿಹುಳು ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ಎಷ್ಟೋ ಮನೆಗಳು ಇದರಿಂದ ತೋಟವನ್ನೇ ಕಳೆದುಕೊಂಡಿವೆ. ಎಲೆ ಹಳದಿಯಾಗುವುದೆಂದರೆ ಮೈ ಬಿಸಿಯಾದಂತೆ. ಜ್ವರ ಕಂಡೊಡನೆ ಒಂದೇ ಮಾತ್ರೆ ಕೊಡುವ ವೈದ್ಯನನ್ನು ಯಾರೂ ನಂಬುವುದಿಲ್ಲ. ನಾನು ಮಾಡಿದ್ದು ಅದನ್ನೇ.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ, ಬೆಂಗಳೂರಿನ ಸುಮಾರು ಏಳು ಪಟ್ಟು. ಅನುಮತಿ ಪಡೆದು ಕಾಡಿನ ಅಂಚಿಗೆ ಇಳಿದೆವು. ಕಾಲಿಗೆ ಜಿಗಣೆ, ತಲೆಯ ಮೇಲೆ ತೊಟ್ಟಿಕ್ಕುವ ಎಲೆ. ಮರವೊಂದರ ಕಾಂಡಕ್ಕೆ ಬಳ್ಳಿಯೊಂದು ಅಂಟಿಕೊಂಡು ಹತ್ತಿತ್ತು. ಕೆಸು, ಸುವರ್ಣಗಡ್ಡೆಗಳ ಕುಟುಂಬದ್ದೇ; ಮನಿಪ್ಲಾಂಟೂ ಅದೇ ಕುಟುಂಬ. ಇಷ್ಟು ಮಳೆಯಲ್ಲೂ ಒಂದು ಎಲೆ ಹಳದಿಯಿಲ್ಲ! ಅದರ ಬೇರುಗಳಲ್ಲಿ ಅರ್ಧದಷ್ಟು ಗಾಳಿಯಲ್ಲೇ ಇದ್ದವು, ತೊಗಟೆಯ ಪಾಚಿಯನ್ನು ಹಿಡಿದು. ಬುಡದ ತರಗೆಲೆ ಸರಿಸಿ ಒಂದು ಹಿಡಿ ಮಣ್ಣು ತೆಗೆದು ಹುಡುಗಿಯ ಕೈಗಿತ್ತೆ. ಹಿಂಡಿದಳು. ತೇವವಿತ್ತು, ಆದರೆ ಹನಿ ಬೀಳಲಿಲ್ಲ. ಅವಲಕ್ಕಿಯಂತೆ ಉದುರುದುರು. ಬಿದ್ದ ಮಳೆ ಆ ಇಳಿಜಾರಿನಲ್ಲಿ ನಿಲ್ಲದೆ ಬಸಿದು ಹೋಗಿತ್ತು.

ಬೇರೂ ಉಸಿರಾಡುತ್ತದೆ ಎಂದು ಇಪ್ಪತ್ತೆಂಟು ವರ್ಷ ಪಾಠ ಮಾಡಿದವನು ನಾನು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ನೀರು ತುಂಬಿಯೇ ಇದ್ದರೆ ಆಮ್ಲಜನಕ ಬೇರನ್ನು ತಲುಪುವುದಿಲ್ಲ; ಗಾಳಿಗಿಂತ ನೀರಿನಲ್ಲಿ ಅದು ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಉಸಿರುಕಟ್ಟಿದ ಬೇರು ನೀರನ್ನೂ ಹೀರದು, ಸಾರಜನಕವನ್ನೂ ಹೀರದು. ಆಗ ಗಿಡ ಹಳೆಯ ಎಲೆಗಳಿಂದ ಸಾರಜನಕವನ್ನು ಹಿಂದಕ್ಕೆ ಪಡೆಯುತ್ತದೆ. ಹರಿತ್ತು ಒಡೆದು ಮರೆಯಾದಾಗ, ಎಲೆಯೊಳಗೆ ಮೊದಲಿನಿಂದಲೂ ಇದ್ದ ಹಳದಿ ಬಣ್ಣ ಹೊರಗೆ ಕಾಣುತ್ತದೆ. ಮನಿಪ್ಲಾಂಟಿನ ತವರು ಪೆಸಿಫಿಕ್ ಸಾಗರದ ಮೊರೆಯಾ ದ್ವೀಪ. ಅದೂ ಮರ ಹತ್ತುವ ಬಳ್ಳಿಯೇ, ಕೆಸರಿನ ಗಿಡವಲ್ಲ.

ಊರಿಗೆ ಮರಳಿ ಕುಂಡ ಬೋರಲು ಹಾಕಿದೆವು. ತಳದಲ್ಲಿ ತೂತೇ ಇರಲಿಲ್ಲ! ಕೊಳೆತ ಬೇರುಗಳು ಕಂದು ಬಣ್ಣಕ್ಕೆ ತಿರುಗಿ ವಾಸನೆ ಹೊಡೆಯುತ್ತಿದ್ದವು. ಅವನ್ನು ಕತ್ತರಿಸಿ, ತೂತಿರುವ ಮಣ್ಣಿನ ಕುಂಡದಲ್ಲಿ ಮರಳು, ಎಲೆಗೊಬ್ಬರ, ತೆಂಗಿನ ನಾರಿನ ಪುಡಿ ಬೆರೆಸಿ ನೆಟ್ಟೆವು. ಬೆರಳನ್ನು ಎರಡನೇ ಗೆಣ್ಣಿನವರೆಗೆ ಊರಿ, ಒಣಗಿದ್ದರಷ್ಟೇ ನೀರು. ಬಿರುಬಿಸಿಲು ಬೇಡ, ಕಿಟಕಿಯ ಬೆಳಕು ಸಾಕು. ಹೊಸ ಎಲೆಯೇ ನರ ಹಸಿರಾಗಿ ಉಳಿದು ನಡುವೆ ಹಳದಿಯಾದರೆ ಕಬ್ಬಿಣದ ಕೊರತೆಯಿರಬಹುದು, ಅದರ ಉಪಚಾರ ಬೇರೆ.

'ಹಳದಿಯಾದ ಎಲೆ ಮತ್ತೆ ಹಸಿರಾಗುತ್ತಾ ಸಾರ್?' ಎಂದಳು ಹುಡುಗಿ. ಇಲ್ಲವೆಂದೆ. ಮರುದಿನ ಅದೇ ತರಗತಿಯಲ್ಲಿ, ಎಲ್ಲರೆದುರು, ತಪ್ಪು ನನ್ನದೆಂದು ಹೇಳಿದೆ. ನವೆಂಬರ್ ಕೊನೆಗೆ ಗೆಣ್ಣಿನಿಂದ ಸುರುಳಿ ಸುತ್ತಿದ ಎಲೆಯೊಂದು ಹೊರಟಿತು; ಅದನ್ನು ಮೊದಲು ಕಂಡವಳು ಅವಳೇ.