ಕಿರುಬೆರಳಿನ ಕಷ್ಟಸುಖ

ಕೀಬೋರ್ಡ್ ಕೊಳ್ಳುವುದಕ್ಕೆಂದು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ನೋಡಿ, ಅಂಗಡಿಯವರು ಮೊದಲು ಬಣ್ಣಬಣ್ಣದ ದೀಪ ಹೊತ್ತಿಸಿ ತೋರಿಸುತ್ತಾರೆ, ಆಮೇಲೆ ಕಟಕಟ ಸದ್ದು ಕೇಳಿಸುತ್ತಾರೆ. ಎರಡೂ ಚೆಂದವೇ. ಆದರೆ ದಿನವಿಡೀ ಪ್ರೋಗ್ರಾಮ್ ಬರೆಯುವವರು ನೋಡಬೇಕಾದದ್ದು ಎಂಟರ್ ಕೀಯನ್ನೂ ಅದರ ನೆರೆಹೊರೆಯನ್ನೂ. ಸೆಮಿಕೋಲನ್, ಕೋಟ್, ಚೌಕದ ಬ್ರ್ಯಾಕೆಟ್ಟು, ಫ್ಲವರ್ ಬ್ರ್ಯಾಕೆಟ್ಟು, ಬ್ಯಾಕ್‌ಸ್ಪೇಸ್ ಎಲ್ಲ ಸೇರಿರುವುದು ಆ ಓಣಿಯಲ್ಲೇ. ಅಷ್ಟಕ್ಕೆಲ್ಲ ದುಡಿಯಬೇಕಾದದ್ದು ಬಲಗೈಯ ಕನಿಷ್ಠಿಕೆ ಒಂದೇ, ಅಂದರೆ ನಮ್ಮ ಬಡಪಾಯಿ ಕಿರುಬೆರಳು.

ಬೆರಳೆಂದ ಕೂಡಲೇ ನಮ್ಮೂರ ಟೈಪಿಂಗ್ ಇನ್‌ಸ್ಟಿಟ್ಯೂಟು ನೆನಪಾಗುತ್ತದೆ. ಬೇಸಿಗೆ ರಜೆಯಲ್ಲಿ ಹುಡುಗರ ಗಲಾಟೆ ತಾಳಲಾರದ ತಾಯಂದಿರೆಲ್ಲ ನಮ್ಮನ್ನು ಅಲ್ಲಿಗೆ ಅಟ್ಟುತ್ತಿದ್ದರು. ನಾವು ಸಾಲಾಗಿ ಕೂತು ಎ ಎಸ್ ಡಿ ಎಫ್ ಎಂದು ಪಾರಾಯಣ ಮಾಡುತ್ತ ಕುಟ್ಟುತ್ತಿದ್ದೆವು. ಮೇಷ್ಟ್ರು ನಮ್ಮ ಕೈ ನೋಡುತ್ತಲೇ ಇರಲಿಲ್ಲ, ಹಾಳೆಯನ್ನು ಬೆಳಕಿಗೆ ಹಿಡಿಯುತ್ತಿದ್ದರು. ಎಫ್, ಜೆ ಕಪ್ಪಗೆ ಒತ್ತಿ ಮೂಡಿರುತ್ತಿದ್ದವು. ಕಿರುಬೆರಳಿನ ಎ ಮಾತ್ರ ಮಬ್ಬು. "ಈ ಬೆರಳಿಗೂ ಊಟ ಹಾಕ್ರೋ" ಎನ್ನುತ್ತಿದ್ದರು. ಆ ಮೆಷಿನ್ನಿನ ಅಕ್ಷರಸಾಲು ಅಮೆರಿಕದ ಶೋಲ್ಸ್ ಎಂಬಾತ 1870ರ ದಶಕದಲ್ಲಿ ರೂಪಿಸಿದ್ದು. ಫ್ಲವರ್ ಬ್ರ್ಯಾಕೆಟ್ಟು ಅದರಲ್ಲಿ ಇರಲಿಲ್ಲ, ಗುಮಾಸ್ತರ ಪತ್ರಕ್ಕೆ ಬೇಕಾಗಿಯೂ ಇರಲಿಲ್ಲ.

ಈಗ ಬೇಕು, ಸಾಲುಸಾಲಿಗೂ ಬೇಕು. ಅಮೆರಿಕದ ವಿನ್ಯಾಸದಲ್ಲಿ ಅದು ಪಿ ಪಕ್ಕದಲ್ಲೇ ಇದೆ, ಜೊತೆಗೆ ಶಿಫ್ಟ್ ಒತ್ತಿದರಾಯಿತು. ಜರ್ಮನಿಯಲ್ಲಿ ಲ್ಯಾಪ್‌ಟಾಪ್ ಕೊಂಡ ನಮ್ಮ ಹುಡುಗರನ್ನು ಕೇಳಿ: ಅಲ್ಲಿ ಬಲಗಡೆಯ ಆಲ್ಟ್-ಜಿಆರ್ ಹಿಡಿದುಕೊಂಡು 7 ಒತ್ತಿದರೆ ತೆರೆಯುತ್ತದೆ, 0 ಒತ್ತಿದರೆ ಮುಚ್ಚುತ್ತದೆ, ಸಾಲದ್ದಕ್ಕೆ ವೈ ಮತ್ತು ಜೆಡ್ ಅದಲುಬದಲು. ಅಕ್ಷರಗಳನ್ನೇನೋ ಸೆಟ್ಟಿಂಗ್ಸ್‌ನಲ್ಲಿ ಬದಲಿಸಿಕೊಳ್ಳಬಹುದು, ಪ್ಲಾಸ್ಟಿಕ್ಕಿನ ಆಕಾರ ಬದಲಾಗುವುದಿಲ್ಲ. ಯುರೋಪಿನ ಕೀಬೋರ್ಡಿನಲ್ಲಿ ಎಂಟರ್ ಎರಡು ಸಾಲಿನಷ್ಟು ಎತ್ತರ, ಆದರೆ ಒಂದು ಕೀಯಷ್ಟು ದೂರ. ಎಡಗಡೆಯ ಶಿಫ್ಟೂ ಗಿಡ್ಡ. ಅದಕ್ಕೇ ನಾನು ಅಡ್ಡಕ್ಕೆ ಉದ್ದನೆಯ ಎಂಟರ್ ಇರುವ ಅಮೆರಿಕನ್ ಕೀಬೋರ್ಡಿನ ಪಕ್ಷ. ಅದರಲ್ಲಿ ಕ್ಯಾಪ್ಸ್ ಲಾಕನ್ನೇ ಕಂಟ್ರೋಲ್ ಕೀಯಾಗಿ ಮಾಡಿಕೊಳ್ಳಿ, ಅದು ಸಂಪ್ರದಾಯಸಮ್ಮತವೇ: ಬಿಲ್ ಜಾಯ್ 1976ರಲ್ಲಿ ವಿಐ ಎಡಿಟರ್ ಬರೆದ ಎಡಿಎಂ-3ಎ ಟರ್ಮಿನಲ್ಲಿನಲ್ಲಿ ಕಂಟ್ರೋಲ್ ಇದ್ದದ್ದು ಎ ಅಕ್ಷರದ ಎಡಕ್ಕೇ, ಎಸ್ಕೇಪ್ ಇದ್ದದ್ದು ಈಗಿನ ಟ್ಯಾಬ್ ಜಾಗದಲ್ಲಿ.

ಎಂಟರ್ ಕೀಯ ನೆರೆಹೊರೆಯ ಮೇಲೆ ಕಣ್ಣಿಡಲು ನನಗೆ ಇನ್ನೂ ಒಂದು ಕಾರಣವಿದೆ, ಅದೇ ದೊಡ್ಡದು. ಕೋಡಿನ ನಡುವಿನ ಟಿಪ್ಪಣಿಗಳನ್ನು ನಾನು ಕನ್ನಡದಲ್ಲೇ ಬರೆಯುತ್ತೇನೆ. ಕನ್ನಡ ಕುಟ್ಟುವ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಸೆಮಿಕೋಲನ್ ಮೇಲೆ ಚ, ಕೋಟಿನ ಮೇಲೆ ಟ, ಚೌಕದ ಬ್ರ್ಯಾಕೆಟ್ಟಿನ ಮೇಲೆ ಡ ಬಂದು ಕೂರುತ್ತವೆ. ಕನ್ನಡಕ್ಕೆಂದೇ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವಾದರೋ ಇಡೀ ವರ್ಣಮಾಲೆಯನ್ನು 26 ಇಂಗ್ಲಿಷ್ ಅಕ್ಷರಗಳ ಕೀಗಳಲ್ಲೇ ಕೂರಿಸುತ್ತದೆ, ಚಿಹ್ನೆಗಳ ತಂಟೆಗೇ ಹೋಗುವುದಿಲ್ಲ. ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂದು ಕುಟ್ಟಿದರೆ 'ಕನ್ನಡ' ಮೂಡುತ್ತದೆ. ನಡುವಿನ ಎಫ್ ಒತ್ತಕ್ಷರಕ್ಕೆ. ಇಡೀ ಪದದಲ್ಲಿ ಕಿರುಬೆರಳಿಗೆ ಕೆಲಸವೇ ಇಲ್ಲ. ಬೆನ್ನಿಗೇ ಸೆಮಿಕೋಲನ್ ಒತ್ತಿ ನೋಡಿ, ಸೆಮಿಕೋಲನ್ನೇ ಬೀಳುತ್ತದೆ, ಚ ಅಲ್ಲ.